ಐದು ಹೊಲದ ಹಾಡು

ಕೂಗುವಾಗ ಅವಳು ಕಣ್ಣು ಮುಚ್ಚುತ್ತಿರಲಿಲ್ಲ, ಒಂದು ಕಿವಿ ಮುಚ್ಚುತ್ತಿದ್ದಳು. ಎಡಗೈಯನ್ನು ಬೊಗಸೆ ಮಾಡಿ ಎಡಗಿವಿಗೆ ಒತ್ತಿ ಹಿಡಿದು, ಗದ್ದವನ್ನು ಬಲಕ್ಕೆ ಎತ್ತಿ, ಕುತ್ತಿಗೆಯ ನರ ಹಗ್ಗದಂತೆ ಉಬ್ಬುವ ತನಕ ದನಿ ಎಳೆಯುತ್ತಿದ್ದಳು. ವರ್ಷಾನುಗಟ್ಟಲೆ ಹಾಗೆ ಒತ್ತಿ ಒತ್ತಿ ಕಿವಿಯೋಲೆಯ ಹರಳಿನ ಗುರುತು ಅವಳ ಅಂಗೈಯ ನಡುವೆ ಜೋಳದ ಕಾಳಿನಷ್ಟು ಗಾತ್ರದಲ್ಲಿ ಮೂಡಿ ನಿಂತಿತ್ತು. ಕೈ ನೋಡಿ ಭವಿಷ್ಯ ಹೇಳುವವನ ಮುಂದೆ ಈಕೆ ಕೂತರೆ ಅವನು ಪಂಚಾಂಗ ಕಟ್ಟಿಕೊಂಡು ಎದ್ದು ಹೋದಾನು ಎಂದು ನಾವು ನಗುತ್ತಿದ್ದೆವು.

ಅವಳು ನಮ್ಮ ಬಾಜೂ ಹೊಲದಾಕೆ. ಬಳಗವಲ್ಲ, ಬೀಗತನವಲ್ಲ. ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದು ಬದು, ಅಷ್ಟೆ. ಊರವರೆಲ್ಲ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಅಂದೆ. ಚಚಡಿಯ ಕಡೆಯ ಆ ಊರಿಗೆ ನಾನು ಬೈಲಹೊಂಗಲದಿಂದ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕ ಆಗಷ್ಟೇ ಶುರುವಾದಾಗ. ಪೇಟೆಯಲ್ಲಿ ಬೆಳೆದವಳು. ಪಿಯುಸಿ ಓದಿದ್ದೆ. ಜೋಳದ ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದ ನಡುವಿನ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಬೇಕು ಎಂದು ಅತ್ತೆ ಹೇಳಿದಾಗ, ಓಡಿಸುವುದೇನೋ ಸರಿ, ಬಾಯಿ ಬಿಟ್ಟು ಒದರಬೇಕು ಎಂಬುದು ಗೊತ್ತಾಗಿ ನನ್ನ ಜೀವ ಹಿಡಿಯಷ್ಟಾಯಿತು. ಮಾವ ಹತ್ತಿರದಲ್ಲೇ ಎಲ್ಲೋ ಇರುತ್ತಾರೆ. ದಾರಿಯಲ್ಲಿ ಮಂದಿ ಓಡಾಡುತ್ತಾರೆ. ಹೊಸ ಸೊಸೆ ಒದರುವುದು ಹೇಗೆ? ಮೊದಲ ದಿನ ಬರೀ ಡಬ್ಬಿ ಬಡಿದೆ, ಅದೂ ಮೆತ್ತಗೆ, ಮಲಗಿದ ಕೂಸಿನ ಬೆನ್ನು ತಟ್ಟಿದ ಹಾಗೆ. ಗುಬ್ಬಿಗಳು ಕತ್ತು ವಾರೆ ಮಾಡಿ ನನ್ನನ್ನು ನೋಡಿದವು, ಮತ್ತೆ ತಿನ್ನತೊಡಗಿದವು.

ಬದುವಿನ ಆಚೆಯ ಅಟ್ಟದಿಂದ ಆಯಿ ಕೇಳಿದಳು: "ಯವ್ವಾ, ಹಕ್ಕಿ ಓಡಸಾಕ ಬಂದಿ ಏನ ಊಟಕ್ಕ ಕರಿಯಾಕ ಬಂದಿ?"

"ನಾಚಿಕಿ ಬರತೈತಿ ಆಯಿ."

"ಯಾರಿಗಿ ನಾಚತಿ? ಹಕ್ಕಿಗೆ ಸೊಸಿ ಯಾರು, ಅತ್ತಿ ಯಾರು ಗೊತ್ತಿರೂದಿಲ್ಲ. ಒದರು."

ಒದರಿದೆ. ಗಂಟಲು ಒಡೆದು ಏನೋ ಒಂದು ಹೊರಗೆ ಬಂತು. ಆಯಿ ತಲೆ ಅಲ್ಲಾಡಿಸಿ, "ಇದು ಬೇಶ್. ಈಗ ಇದನ್ನ ಉದ್ದ ಮಾಡು" ಅಂದಳು. ಹೀಗೆ ನನ್ನ ಕಲಿಕೆ ಶುರುವಾಯಿತು.

ಹಳ್ಳದ ಎರಡೂ ದಂಡೆಯಲ್ಲಿ ಸುತ್ತುವರಿದಂತೆ ಐದು ಹೊಲ. ಒಂದೊಂದು ಹೊಲಕ್ಕೆ ಒಂದೊಂದು ಅಟ್ಟ, ಅಟ್ಟಕ್ಕೊಬ್ಬ ಹೆಣ್ಣುಮಗಳು, ಕೈಯಲ್ಲಿ ಒಂದು ಖಾಲಿ ಎಣ್ಣೆ ಡಬ್ಬಿ, ಬಡಿಯಲು ತೊಗರಿಕಟ್ಟಿಗೆ. ಆಳೆತ್ತರ ಮೀರಿದ ಜೋಳದಲ್ಲಿ ಒಬ್ಬರಿಗೊಬ್ಬರ ತಲೆಯಷ್ಟೇ ಕಾಣುವುದು. ಎಲ್ಲ ಊರಲ್ಲೂ ಹೀಗೆಯೇ. ಆದರೆ ಬೇರೆ ಕಡೆ ಪ್ರತಿಯೊಬ್ಬಳೂ ತನ್ನ ಪಾಡಿಗೆ ಒದರುತ್ತಾಳೆ. ನಮ್ಮಲ್ಲಿ ಆಯಿ ಅದನ್ನು ಒಂದು ಹಾಡು ಮಾಡಿಬಿಟ್ಟಿದ್ದಳು. ಮೊದಲ ಸಾಲು ಅವಳದು:

"ಬಂದಾವ ಬಂದಾವ ಬಾನಿನ ಬೀಗರು, ತೆನಿಮ್ಯಾಲ ಪಂಕ್ತಿ ಕುಂತಾವ, ಹೋ..."

ಅದನ್ನು ಹಳ್ಳದಾಚೆ ದಿಬ್ಬದ ಹೊಲದಾಕೆ ಎತ್ತಿಕೊಳ್ಳುವಳು. ನಮ್ಮೊಳಗೆ ಬಾಯಿ ಜೋರಿನವಳು ಅವಳೇ.

"ಕುಂತವ್ರ ಎಬ್ಬಿಸಿ ಕಳಿಸೇನಿ ತಂಗೀ, ನಿನ ಹೊಲಕ ಉಣ್ಣಾಕ ಬರತಾವ, ಹೋ..."

ಹಾಗೆ ಒಬ್ಬಳು ಮತ್ತೊಬ್ಬಳ ಹೊಲಕ್ಕೆ ಹಕ್ಕಿ ಕಳಿಸುತ್ತ, ಬೇವಿನ ಗಿಡದ ಹತ್ತಿರದ ಓರಗಿತ್ತಿಯರಿಬ್ಬರ ಅಟ್ಟ ದಾಟಿ, ಸಾಲು ಕಡೆಗೆ ನನ್ನ ಹತ್ತಿರ ಬರುವುದು. ನಾನು ಮುಗಿಸಿ ಆಯಿಗೆ ಒಪ್ಪಿಸಬೇಕು. ದಿನವೂ ಮಾತು ಬೇರೆ. ಒಮ್ಮೆ ನಾನು ರೊಟ್ಟಿ ಕರಕು ಮಾಡಿದ ಸುದ್ದಿ ಅದು ಹೇಗೋ ದಿಬ್ಬ ಮುಟ್ಟಿ, "ಹೊಂಗಲದ ಹುಡುಗಿ ರೊಟ್ಟಿ ಬಡದಾಳ, ಕಾಗಿ ಮೂಸಿ ಹಾರ್ಯಾವ" ಎಂದು ಅಲ್ಲಿಂದ ಐದೂ ಹೊಲಕ್ಕೆ ಕೇಳಿಸಿತು. ಅಂದು ಮಾವ ಊಟಕ್ಕೆ ಕೂತಾಗ ರೊಟ್ಟಿಯನ್ನು ತಿರುಗಿಸಿ ನೋಡಿ, ಮೀಸೆಯಲ್ಲಿ ನಕ್ಕರು.

ರಾಗ ಎಲ್ಲಿಂದ ತಂದಿ ಎಂದು ಕೇಳಿದರೆ ಆಯಿ ತನ್ನ ಬಾವಿಯ ಗಡಗಡಿಯನ್ನು ತೋರಿಸುತ್ತಿದ್ದಳು. ಹಗ್ಗ ಎಳೆದಾಗ ಅದು ಎರಡು ಸಲ ಏರಿ ಕೀಚೆಂದು, ಮೂರನೆಯದಕ್ಕೆ ಆಳಕ್ಕೆ ಇಳಿಯುತ್ತಿತ್ತು. ನಮ್ಮ ಕೂಗೂ ಹಾಗೆಯೇ ಏರಿ ಏರಿ ಇಳಿಯುವುದು. ತಾಳ ಹಳ್ಳದಿಂದ ನೀರೆತ್ತುವ ಡೀಸೆಲ್ ಇಂಜಿನ್ನಿನದು. ಅದು ಕೆಟ್ಟು ನಿಂತ ದಿನ ಒಣಗಿದ ಗರಿಗಳ ಸರಸರ ಸಪ್ಪಳ ಕೇಳಿಕೊಂಡು ನಿಧಾನ ಹಾಡುತ್ತಿದ್ದೆವು. ಒಮ್ಮೆ ಅವಳ ಮಗ ಸದ್ದು ತಾಳಲಾರದೆ ಗಡಗಡಿಗೆ ಎಣ್ಣೆ ಬಿಟ್ಟ. ಆಯಿ ಎರಡು ದಿನ ಅವನ ಸಂಗಡ ಮಾತಾಡಲಿಲ್ಲ. "ಮುದುಕಿ ಬಾಯಿಗೆ ಹತ್ತಿ ತುರುಕಿದಂಗ ಮಾಡ್ಯಾನ" ಎಂದು ನಮ್ಮತ್ತೆಯ ಮುಂದೆ ದೂರು ಹೇಳಿದಳು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಒಂದು ಕೂಗಿಗೂ ಮತ್ತೊಂದಕ್ಕೂ ನಡುವೆ ಹೊತ್ತು ಹಿಡಿಯುತ್ತಿತ್ತು. ಆಯಿಯ ದನಿ ಹಳ್ಳ ದಾಟಿ ದಿಬ್ಬ ಮುಟ್ಟಬೇಕು, ಅಲ್ಲಿಯ ಹಕ್ಕಿ ಏಳಬೇಕು, ರೆಕ್ಕೆಯ ಸಪ್ಪಳ ಅಡಗಬೇಕು, ಆಮೇಲೆಯೇ ದಿಬ್ಬದಾಕೆ ಬಾಯಿ ತೆರೆಯುವುದು. ಇದನ್ನು ಯಾರೂ ಕಲಿಸಿದ್ದಲ್ಲ, ನಮ್ಮ ಮೈಗೆ ತಾನಾಗಿ ಹತ್ತಿದ್ದು. ಆಯಿ ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. ಅವಳ ಹಿಂದಿನ ಸರದಿ ನನ್ನದು, ನನ್ನ ಅಟ್ಟ ಬದುವಿನ ಈಚೆಗೇ ಇತ್ತು. ನಾನು ಮುಗಿಸುವಷ್ಟರಲ್ಲಿ ಅವಳು ಮುಂದಿನ ಸಾಲು ಎತ್ತಿಯಾಗಿರುತ್ತಿತ್ತು. ಉತ್ತರ ತಡವಾಗಿ ಬರುವುದು ಗಾಳಿಯ ಕೆಲಸ, ದೂರದ ಕೆಲಸ ಎಂದೇ ಅವಳು ತಿಳಿದಿದ್ದಳು. ನಾವು ಕಾಯುತ್ತೇವೆ ಎಂಬುದು ಅವಳಿಗೆ ಗೊತ್ತಿರಲಿಲ್ಲ.

ನನ್ನ ಮಗಳು ಶಾಲೆಗೆ ಹೋಗತೊಡಗಿದ ವರ್ಷ, ಬೈಲಹೊಂಗಲದ ಕಡೆಯಿಂದ ಬರುತ್ತಿದ್ದ ಒಬ್ಬ ಕಾಲೇಜಿನ ಮೇಷ್ಟರ ಗಾಡಿ ನಮ್ಮ ಹಳ್ಳದ ಹತ್ತಿರ ಪಂಕ್ಚರ್ ಆಯಿತು. ಗಾಡಿ ನಿಲ್ಲಿಸಿ ಅವರು ಬದುವಿನ ಮೇಲೆ ಬಹಳ ಹೊತ್ತು ಕೂತು ಕೇಳಿದರು. ಆಮೇಲೆ ಆಯಿಯ ಅಟ್ಟದ ಕೆಳಗೆ ಬಂದರು.

"ಇದಕ್ಕ ಏನಂತಾರ್ರಿ ಆಯಿ?"

"ಹಕ್ಕಿ ಹೊಡಿಯೂದು ಅಂತಾರ್ರಿ."

"ಅಲ್ರಿ, ಈ ಹಾಡಿಗೆ?"

"ಹಾಡ ಎಲ್ಲೈತ್ರಿ ಸರ್. ಸುಮ್ಮನ ಒದರಾಕ ಹತ್ತೇವಿ."

ಅವರು ಬಿಡಲಿಲ್ಲ. ಸುಗ್ಗಿ ಮುಗಿದ ಮೇಲೆ ಕಾಲೇಜಿನಲ್ಲಿ ಜಾನಪದ ಕಾರ್ಯಕ್ರಮವಿದೆ, ಐದೂ ಮಂದಿ ಬಂದು ಹಾಡಬೇಕು ಎಂದರು. ಒಳ್ಳೆಯ ಮನುಷ್ಯ. ಆಯಿ ಮೊದಲು ಒಲ್ಲೆನೆಂದಳು. ಆಮೇಲೆ ಎರಡು ದಿನ ಯೋಚನೆ ಮಾಡಿ, ಬದುವಿನ ಹತ್ತಿರ ನಿಂತು ನನಗೆ ಹೇಳಿದಳು: "ನನಗೇನ ಬೇಕಾಗಿಲ್ಲವಾ. ಆದ್ರ ನೀವು ನಾಕ ಮಂದಿ ಇಷ್ಟ ಚಂದ ಹಾಡತೀರಿ, ಹಕ್ಕಿ ಬಿಟ್ರ ಯಾರ ಕೇಳ್ಯಾರ? ಒಮ್ಮೆ ಖುರ್ಚಿಮ್ಯಾಲೆ ಕುಂತ ಮಂದಿ ಕೇಳ್ಲಿ."

ಐದು ಹೆಣ್ಣುಮಕ್ಕಳು ಬೈಲಹೊಂಗಲಕ್ಕೆ ಹೋಗಿ ಮಂದಿಯ ಮುಂದೆ ಹಾಡುವುದೆಂದರೆ ಮನೆಮನೆಯಲ್ಲಿ ಕೇಳಬೇಕು. ಆಯಿಯೇ ಹೋಗಿ ಕೇಳಿದಳು. ನಮ್ಮ ಪಡಸಾಲೆಯಲ್ಲಿ ಕೂತು ಅತ್ತೆಗೆ ಮಾತು ಕೊಟ್ಟಳು: "ನಿನ್ನ ಸೊಸೀನ್ನ ಮರ್ಯಾದಿಲೆ ಕರಕೊಂಡ ಹೋಗಿ ಮರ್ಯಾದಿಲೆ ತಂದ ಮುಟ್ಟಸ್ತೇನಿ. ಅದು ನನ್ನ ಜಿಮ್ಮಾ."

ಅತ್ತೆ ಅಡಿಕೆ ಕತ್ತರಿಸುತ್ತ, "ಆತು, ಆಕಿ ತವರಿಗಿ ಹೋಗಿ ಬಂದಂಗೂ ಆತು. ಬರೂಮುಂದ ಒಣಾ ಮೆಣಸಿನಕಾಯಿ ತರ್ರಿ" ಅಂದರು. ಉಳಿದ ಮನೆಗಳಲ್ಲೂ ಆಯಿ ಅದೇ ಮಾತು ಕೊಟ್ಟಳಂತೆ.

ತಾಲೀಮು ಮಾಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ. ದಿನಾ ಹಾಡುವುದಕ್ಕೆ ತಾಲೀಮು ಎಂಥದು? ಒಂದೇ ಜಾಗದಲ್ಲಿ ಮೈಗೆ ಮೈ ಹತ್ತಿ ನಿಂತು ನಾವು ಎಂದೂ ಹಾಡಿರಲೇ ಇಲ್ಲ ಎಂಬುದು ವೇದಿಕೆ ಹತ್ತುವ ತನಕ ನಮ್ಮ ತಲೆಗೆ ಬರಲಿಲ್ಲ.

ಕಾಲೇಜಿನ ಹಿಂದಿನ ಕೋಣೆಯಲ್ಲಿ ನಮ್ಮನ್ನು ಕೂರಿಸಿದ್ದರು. ಬಣ್ಣದ ಲಂಗ ಉಟ್ಟು, ತುಟಿಗೆ ಕೆಂಪು ಬಳಿದುಕೊಂಡ ಹುಡುಗಿಯರು ಗೆಜ್ಜೆ ಕಟ್ಟಿಕೊಳ್ಳುತ್ತಿದ್ದರು. ನನ್ನ ಅಣ್ಣನ ಹೆಂಡತಿ ನನ್ನನ್ನು ಹುಡುಕಿಕೊಂಡು ಒಳಗೆ ಬಂದಳು. ನಮ್ಮ ಇಳಕಲ್ ಸೀರೆ ನೋಡಿದಳು, ಚಲೋ ಅಂದಳು. ಆಮೇಲೆ ಕೆಳಗೆ ನೋಡಿದಳು.

"ಇವು ಏನ ಅಕ್ಕಾ, ಎಣ್ಣಿ ಡಬ್ಬಿ? ಇವನ್ನ ಹಿಡಕೊಂಡ ಸ್ಟೇಜಿನ ಮ್ಯಾಲೆ ನಿಂದರ್ತೀರಿ?"

ಅವಳು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅವಳು ಹೋದ ಮೇಲೆ ನಾನು ನನ್ನ ಡಬ್ಬಿಯ ಮೇಲೆ ಸೆರಗು ಎಳೆದುಕೊಂಡೆ. ನನ್ನನ್ನು ನೋಡಿ ಓರಗಿತ್ತಿಯರೂ ಎಳೆದುಕೊಂಡರು. ದಿಬ್ಬದಾಕೆಯಂಥ ದಿಬ್ಬದಾಕೆ ತನ್ನ ಡಬ್ಬಿಯನ್ನು ಕಾಲಿನಿಂದ ಬೆಂಚಿನ ಕೆಳಗೆ ಸರಿಸಿದಳು. ಆಯಿಯ ಡಬ್ಬಿ ಅವಳ ತೊಡೆಯ ಮೇಲೆ ಇದ್ದಲ್ಲೇ ಇತ್ತು. ಅವಳು ನಮ್ಮನ್ನು ಒಂದು ಸುತ್ತು ನೋಡಿದಳು.

ವೇದಿಕೆಯ ಮೇಲೆ ಒಂದು ಸಾಲಿನಲ್ಲಿ ನಿಂತೆವು. ಎದುರಿಗೆ ಹುಡುಗರು, ಅವರ ಮುಂದೆ ಖುರ್ಚಿಯಲ್ಲಿ ಪೇಟೆಯ ದೊಡ್ಡವರು. ಎರಡನೆಯ ಸಾಲಿನಲ್ಲಿ ನನ್ನ ತವರವರೆಲ್ಲ. ಆಯಿ ಕಿವಿಗೆ ಕೈ ಇಟ್ಟಳು, ಗದ್ದ ಎತ್ತಿದಳು, ಕೂಗಿದಳು. ಮೈಕು ಒಮ್ಮೆ ಕುಂಯ್ ಅಂದು ಆ ದನಿಯನ್ನು ಗೋಡೆಯಿಂದ ಗೋಡೆಗೆ ಎಸೆಯಿತು. ಬಹಳ ಚೆನ್ನಾಗಿ ಕೂಗಿದಳು. ಸಭೆ ಗಪ್ಪಾಯಿತು.

ದಿಬ್ಬದಾಕೆ ಕಾದಳು.

ಅವಳು ಆಯಿಯ ಪಕ್ಕದಲ್ಲಿ, ಬಳೆ ತಾಗುವಷ್ಟು ಹತ್ತಿರ ನಿಂತಿದ್ದಳು. ಆದರೂ ಅವಳ ಮೈ ಹಳ್ಳ ದಾಟಿ ಬರುವ ದನಿಗೆ ಕಾಯುತ್ತಿತ್ತು. ನಾವೂ ಕಾದೆವು. ನಮಗೆ ಅದು ಹಾಡಿನ ಒಳಗೇ ಇದ್ದ ಹೊತ್ತು. ಕೂತವರಿಗೆ ಬಾಯಿ ಕಟ್ಟಿ ನಿಂತ ಐದು ಹೆಂಗಸರು. ತಲೆಯ ಮೇಲೆ ಫ್ಯಾನು ತಿರುಗುವ ಸದ್ದಷ್ಟೇ.

"ಮರತಾರ ಬಿಡ್ರಿ" ಎಂದು ಹಿಂದಿನಿಂದ ಒಬ್ಬ.

"ಏ, ಚಾಲೂ ಮಾಡ್ರಿ, ಬಸ್ ಹೋಗತೈತಿ" ಎಂದು ಇನ್ನೊಬ್ಬ.

ನಗು ಎದ್ದಿತು. ಆಯಿ ತಿರುಗಿ ದಿಬ್ಬದಾಕೆಯನ್ನು ನೋಡಿದಳು. ದಿಬ್ಬದಾಕೆ ನೆಲ ನೋಡುತ್ತಿದ್ದಳು. ಅದೇ ಹೊತ್ತಿಗೆ ಅವಳ ಸಾಲು ಹೊರಟಿತು, ಆದರೆ ಈಗ ನಗುವಿನ ನಡುವೆ. ಮುಂದಿನವಳು ಮತ್ತೆ ಕಾದಳು, ಮತ್ತೆ ನಗು. ಗಾಬರಿಯಾಗಿ ನಾವೆಲ್ಲ ಒಟ್ಟಿಗೇ ಬಾಯಿ ಬಿಟ್ಟೆವು. ಒಬ್ಬರ ಮೇಲೆ ಒಬ್ಬರ ದನಿ ಬಿದ್ದು, ಸಂತೆಯಲ್ಲಿ ಕೋಳಿ ಬುಟ್ಟಿ ಉರುಳಿದ ಹಾಗಾಯಿತು. ಎರಡನೆಯ ಸಾಲಿನಲ್ಲಿ ನನ್ನ ಅಣ್ಣನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಅವಳ ಹೆಗಲು ಕುಲುಕುತ್ತಿತ್ತು. ಪಕ್ಕದಲ್ಲಿ ನಮ್ಮವ್ವ ತಲೆ ತಗ್ಗಿಸಿ ಕೂತಿದ್ದಳು. ನಿರೂಪಣೆ ಮಾಡುವ ಹುಡುಗ ಮೈಕು ಇಸಿದುಕೊಂಡು, "ತಾಯಂದಿರಿಗೆ ಸಭಾಕಂಪನ ಆಗಿದೆ, ಜೋರಾಗಿ ಚಪ್ಪಾಳೆ" ಅಂದ. ಆ ಚಪ್ಪಾಳೆಯಲ್ಲಿ ನಾವು ಇಳಿದು ಬಂದೆವು.

ಮೇಷ್ಟರು ಬಸ್ ನಿಲ್ದಾಣದ ತನಕ ನಮ್ಮ ಜೊತೆ ನಡೆದು ಬಂದರು. ಬಸ್ಸಿನಲ್ಲಿ ಕಂಡಕ್ಟರ್ ನಮ್ಮ ಕೈ ನೋಡಿ, "ಐದೂ ಮಂದಿ ಎಣ್ಣಿ ತರಾಕ ಹೋಗಿದ್ರೇನ ಯವ್ವಾ?" ಎಂದು ಕೇಳಿದ. ಯಾವಾಗಲಿನ ದಿಬ್ಬದಾಕೆಯಾದರೆ ಅವನಿಗೆ ಟಿಕೆಟ್ ಹರಿಯುವುದು ಮರೆಯುವಂಥ ಉತ್ತರ ಕೊಡುತ್ತಿದ್ದಳು. ಅಂದು ಕಿಟಕಿಯ ಹೊರಗೆ ನೋಡಿದಳು. ಆಯಿಗೆ ಒಬ್ಬ ಹುಡುಗ ಎದ್ದು ಸೀಟು ಕೊಟ್ಟ. ಅವಳು ಕೂರಲಿಲ್ಲ. ಊರು ಬರುವ ತನಕ ಕಂಬ ಹಿಡಿದು, ನಮ್ಮ ಕಡೆ ಬೆನ್ನು ಮಾಡಿ ನಿಂತಳು.

ಮೆಣಸಿನಕಾಯಿ ತರುವುದನ್ನು ಎಲ್ಲರೂ ಮರೆತಿದ್ದೆವು.

ಮರುದಿನ ಮುಂಜಾನೆ ಆಯಿ ನಮ್ಮ ಮನೆಗೆ ಬಂದಳು. ಒಳಗೆ ಬಾ ಅಂದರೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತು ಅತ್ತೆಗೆ ಕೈ ಮುಗಿದಳು. "ಮರ್ಯಾದಿಲೆ ತರತೇನಿ ಅಂದಿದ್ದೆ. ಆಕಿ ತವರಿನ ಮಂದಿ ಮುಂದನ ಆಕಿ ಮಾನ ಕಳದ ಬಂದೆ. ತಪ್ಪಾತವಾ."

ಅತ್ತೆ ಗಾಬರಿಯಾಗಿ ಎದ್ದು ಅವಳ ಕೈ ಹಿಡಿದರು. "ಏನ ಮಾತಂತ ಆಡತಿ? ಮಾನ ಏನ ಹತ್ತೀ ಅಳ್ಳೇನು, ಯಾರೋ ನಕ್ಕರ ಹಾರಿ ಹೋಗಾಕ?"

ಆಯಿ ಕೈ ಬಿಡಿಸಿಕೊಂಡು ಮುಂದಿನ ಮನೆಗೆ ಹೋದಳು. ಹಾಗೆ ಎಲ್ಲ ಮನೆಯ ಹೊಸ್ತಿಲಲ್ಲಿ ನಿಂತು ಬಂದಳು. ನಾನು ಒಳಗೆ ಒಲೆಯ ಮುಂದೆ ಕೂತಿದ್ದೆ. ಹೊರಗೆ ಬರಲಿಲ್ಲ. ಅವಳ ಮುಖ ಹೇಗೆ ನೋಡಲಿ ಎಂದು ನನಗೆ ನಾಚಿಕೆ. ಅವಳು ಕೂಗಿದಾಗ ನಾವು ಎತ್ತಿಕೊಳ್ಳದೆ ನಿಂತೆವಲ್ಲ, ಅವಳ ಹಾಡು ನಮ್ಮಿಂದ ಕೆಟ್ಟಿತಲ್ಲ ಎಂದು. ಅವಳು ನಮ್ಮ ಮೇಲೆ ಸಿಟ್ಟಾಗಿದ್ದಾಳೆ, ಆಗಬೇಕಾದ್ದೇ ಎಂದು ನಾವು ನಾಲ್ವರೂ ತಿಳಿದೆವು.

ಸುದ್ದಿ ಊರಿಗೆ ಬರಲು ತಡವಾಗಲಿಲ್ಲ. ಬಸ್ಸಿಗೆ ಕಾಯುವ ಹುಡುಗರು ನಮ್ಮಲ್ಲಿ ಯಾರನ್ನಾದರೂ ಕಂಡರೆ "ಹೋ..." ಎಂದು ಎಳೆದು, ಸುಮ್ಮನಾಗಿ, ಒಬ್ಬರ ಮುಖ ಒಬ್ಬರು ನೋಡಿ, ಆಮೇಲೆ ನಗುತ್ತಿದ್ದರು. ಮುಂದಿನ ಸಲ ಜೋಳ ತೆನೆ ಹಿಡಿದಾಗ ನಾವು ಅಟ್ಟ ಹತ್ತಿದೆವು. ಆಯಿ ಹತ್ತಲಿಲ್ಲ. ಅವಳ ಮಗ ಹಳೆಯ ಕ್ಯಾಸೆಟ್ಟುಗಳ ಕರಿ ಟೇಪು ಬಿಚ್ಚಿ ಗೂಟದಿಂದ ಗೂಟಕ್ಕೆ ಕಟ್ಟಿದ. ಗಾಳಿ ಬಂದಾಗ ಅದು ಮಿಂಚುತ್ತ ಗುಂಯ್ ಎನ್ನುತ್ತಿತ್ತು. ಹಕ್ಕಿ ಹೆದರುತ್ತವಂತೆ. ನಾವು ನಾಲ್ವರೂ ನಮ್ಮ ನಮ್ಮ ಅಟ್ಟದಲ್ಲಿ ಬಾಯಿ ಮುಚ್ಚಿಕೊಂಡು ಡಬ್ಬಿ ಬಡಿದೆವು. ಮೊದಲ ಸಾಲು ಯಾರು ಎತ್ತಬೇಕು? ಅದು ಅವಳದು. ಒಂದು ಸಲ ಬದುವಿನ ಹತ್ತಿರ ಸಿಕ್ಕಾಗ, "ಆಯಿ, ಈ ವರ್ಷ ಒದರೂದಿಲ್ಲೇನ?" ಎಂದು ಕೇಳಿದೆ. "ಟೇಪ್ ಐತಲ್ಲ, ಅದೇ ಒದರತೈತಿ" ಎಂದು ಹೊರಟುಹೋದಳು. ನಾನು ಹಿಂದೆ ಹೋಗಲಿಲ್ಲ.

ನಮ್ಮ ನಮ್ಮೊಳಗೆ ಮಾತಾಡಿಕೊಂಡು ವೇದಿಕೆಯ ಮೇಲೆ ಏನಾಯಿತೆಂಬುದು ನಮಗೆ ಬೇಗನೇ ತಿಳಿದಿತ್ತು. "ನಾ ಕಾಯಾಕ ಹತ್ತಿದ್ದೆನಲೇ, ಆಕಿ ದನಿ ಇನ್ನೂ ಬಂದ ಮುಟ್ಟಿಲ್ಲ ಅನ್ನಿಸ್ತು" ಎಂದು ದಿಬ್ಬದಾಕೆ ಹಳ್ಳದಲ್ಲಿ ಬಟ್ಟೆ ಒಗೆಯುತ್ತ ಹೇಳಿದ್ದಳು. ಇದನ್ನು ಆಯಿಗೆ ಹೇಳಬೇಕು ಎಂದು ಯಾರಿಗೂ ಅನಿಸಲಿಲ್ಲ. ಅವಳಿಗೆ ಗೊತ್ತೇ ಇದೆ ಎಂದುಕೊಂಡೆವು. ವರ್ಷಗಳು ಹೋದವು. ಹಳ್ಳದ ದಂಡೆಗೆ ಜೋಳ ಹೋಗಿ ಗೋವಿನಜೋಳ ಬಂತು, ಕಬ್ಬು ಬಂತು. ಅಟ್ಟದ ಕಟ್ಟಿಗೆ ಒಲೆಗೆ ಹೋಯಿತು.

ನನ್ನ ಮಗಳು ಕಾಲೇಜಿಗೆ ಹೋಗುವ ಹೊತ್ತಿಗೆ ಆಯಿಯ ಮೊಣಕಾಲು ಪೂರಾ ಸೋತಿದ್ದವು. ಮನೆಯ ಮುಂದಿನ ಕಟ್ಟೆಯೇ ಅವಳ ಹೊಲವಾಗಿತ್ತು. ಒಂದು ಮಧ್ಯಾಹ್ನ ಸಜ್ಜಕ ಮಾಡಿದ್ದೆ, ಬಟ್ಟಲಲ್ಲಿ ಹಾಕಿಕೊಂಡು ಹೋದೆ. ತಿಂದಳು. ಬಟ್ಟಲು ಕೆಳಗಿಟ್ಟು, ನನ್ನ ಮುಖ ನೋಡದೆ ಕೇಳಿದಳು:

"ಒಂದ ಮಾತ ಕೇಳತೇನಿ, ಖರೆ ಹೇಳು. ಅವತ್ತ ನನ್ನ ಸಂಗಾಟ ನಿಂದರಾಕ ನಿಮಗ ನಾಚಿಕಿ ಆಗಿತ್ತಲ್ಲ?"

ನಾನು ಖಾಲಿ ಬಟ್ಟಲನ್ನು ಎತ್ತಿಕೊಂಡೆ.

"ನೀವು ಡಬ್ಬಿ ಮುಚ್ಚಿಕೊಂಡದ್ದ ನಾ ನೋಡಿದ್ದೆ. ಆಮ್ಯಾಲೆ ನಾ ಒದರಿದ್ರ ಒಬ್ಬಾಕೀನೂ ಬಾಯಿ ಬಿಡಲಿಲ್ಲ. ಮುದುಕಿ ಒಬ್ಬಾಕಿನ ನಗಿಗೇಡಾಗ್ಲಿ ಅಂತ ಬಿಟ್ರಿ. ನಾ ನಿಮ್ಮನ್ನ ಬೈಯೂದಿಲ್ಲ. ಕರಕೊಂಡ ಹೋಗಿದ್ದ ನನ್ನ ತಪ್ಪು."

ಇಷ್ಟು ವರ್ಷ ಅವಳು ಇದನ್ನು ಹೊತ್ತುಕೊಂಡು ಕೂತಿದ್ದಳು. ನಾವು ಅವಳಿಗೆ ಹೇಸಿ ಉತ್ತರ ಕೊಡಲಿಲ್ಲ ಎಂದು. ನಾನು ಕಟ್ಟೆಯಿಂದ ಇಳಿದು ಅವಳ ಕಾಲ ಹತ್ತಿರ ಕೂತೆ. "ಇಲ್ಲ ಆಯಿ. ನಾವು ಕಾಯಾಕ ಹತ್ತಿದ್ವಿ. ನಿನ್ನ ದನಿ ಹಳ್ಳಾ ದಾಟಿ ಬರೂ ತನಕ ದಿನಾ ಕಾಯತಿದ್ವಲ್ಲ, ಹಂಗ. ಹೊಲದಾಗ ಕಾದಂಗ ಅಲ್ಲೂ ಕಾದ್ವಿ."

"ಹೊಲದಾಗ ಕಾಯತಿದ್ರಿ?"

"ದಿನಾ."

ಅವಳು ನಂಬಲಿಲ್ಲ. ನಾನು ಎದ್ದು ಹೋಗಿ, ದಿಬ್ಬದಾಕೆಯನ್ನೂ ಓರಗಿತ್ತಿಯರನ್ನೂ ಕರೆತಂದೆ. ಎಲ್ಲರ ತಲೆಗೂ ಬಿಳಿ ಬಂದಿತ್ತು. ದಿಬ್ಬದಾಕೆ ವಿಷಯ ತಿಳಿದು ಅಂಗಳದಲ್ಲೇ ಶುರು ಮಾಡಿದಳು: "ಅಲ್ಲ ಮುದುಕಿ, ನಾಚಿಕಿ ಆಗಿ ಬಾಯಿ ಮುಚ್ಚೂ ಹೆಂಗಸೇನ ನಾನು? ನನ್ನ ಗಂಡನ್ನ ಕೇಳು. ಲಗ್ನದಾಗ ಅಂತರಪಟದ ಈಚಿಕಡಿಂದ ಭಟ್ಟನ ಜೋಡಿ ಜಗಳಾ ಮಾಡೀನಿ."

"ಬಡಾಯಿ ಬ್ಯಾಡ. ಇಲ್ಲೆ ನಿಂದರು" ಅಂದಳು ಆಯಿ. ಕಟ್ಟೆಯ ಕೆಳಗೆ ಒಂದು ಮೊಳದ ದೂರದಲ್ಲಿ ಅವಳನ್ನು ನಿಲ್ಲಿಸಿದಳು. ಆಮೇಲೆ ಕಿವಿಗೆ ಕೈ ಒತ್ತಿ ಕೂಗಿದಳು. ದನಿ ಹರಿದಿತ್ತು, ಮೂರನೆಯ ಇಳಿತಕ್ಕೆ ಉಸಿರು ಸಾಲಲಿಲ್ಲ. ಕೂಗಿ, ಕಣ್ಣು ಕೀಲಿಸಿ ದಿಬ್ಬದಾಕೆಯ ಬಾಯಿಯನ್ನೇ ನೋಡಿದಳು.

ದಿಬ್ಬದಾಕೆ ಬಾಯಿ ತೆರೆಯಲಿಲ್ಲ. ಕತ್ತು ತುಸು ಒಂದು ಕಡೆ ವಾಲಿತು, ಕಣ್ಣು ಅಂಗಳದ ಗೋಡೆ ದಾಟಿ ಎಲ್ಲೋ ಮೇಲಕ್ಕೆ ಹೋಯಿತು, ಏಳುವ ಹಕ್ಕಿ ನೋಡುವವರ ಹಾಗೆ. ಅವಳಿಗೇ ಅದು ಗೊತ್ತಿರಲಿಲ್ಲ. ಅಷ್ಟು ಹೊತ್ತಾದ ಮೇಲೆ ಅವಳ ಸಾಲು ಬಂತು.

ಆಯಿ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು. "ನೋಡ್ರಿ, ಇನ್ನೂ ಕಾಯತೈತಿ ಮೂಳಿ" ಅಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಇಷ್ಟ ವರ್ಷ ನಿಮ್ಮ ಮ್ಯಾಲೆ ಸಂಶೆ ಮಾಡಿದ್ನಲ್ಲ. ಮನಿಮನಿಗಿ ಹೋಗಿ ಮತ್ತೊಮ್ಮೆ ಕೈ ಮುಗೀಬೇಕಂದ್ರ ಈಗ ಕಾಲಿಲ್ಲ."

"ಮನಿ ಎಲ್ಲಾ ಇಲ್ಲೇ ಬಂದಾವ. ಸುಮ್ಮನ ಚಹಾ ಮಾಡಸು" ಅಂದಳು ದಿಬ್ಬದಾಕೆ.

ಮುಂದಿನ ಬೇಸಿಗೆಯಲ್ಲಿ ಆಯಿ ಹೋದಳು. ಅವಳ ಹೊಲದಲ್ಲೇ, ಬದುವಿನ ಮಗ್ಗುಲಿಗೆ ಕೂರಿಸಿ ಮಣ್ಣು ಮಾಡಿದರು. ಗಂಡಸರು ಭಜನೆ ಹಾಡಿದರು.

ಇವತ್ತು ನಾನು ಮಹಿಳಾ ಸಂಘದ ಸಭೆಯಲ್ಲಿ ನಾಲ್ಕು ಮಂದಿಯ ಮುಂದೆ ಅಳುಕದೆ ಮಾತಾಡುತ್ತೇನೆ. ಬ್ಯಾಂಕಿನ ಸಾಹೇಬರ ಎದುರು ದನಿ ಏರಿಸುತ್ತೇನೆ. ಆ ದನಿ ಅವಳು ಕೊಟ್ಟದ್ದು. ಅಷ್ಟು ದೊಡ್ಡ ಗಂಟಲು ಕೊಟ್ಟವಳಿಗೆ, ಬದುವಿನ ಈಚೆ ನಿಂತು ಮೆತ್ತಗೆ ಕೇಳಬಹುದಾಗಿದ್ದ, ನಮ್ಮ ಮ್ಯಾಲೆ ಸಿಟ್ಟೇನ ಎಂಬ ಒಂದು ಮಾತನ್ನು ನಾನು ಅಷ್ಟು ವರ್ಷ ಕೇಳಲಿಲ್ಲ. ಕಡೆಗೆ ಅವಳೇ ಕೇಳಬೇಕಾಯಿತು. ಕೇಳಿದಾಗಲೂ ನಾನು ಅರ್ಧವಷ್ಟೇ ಹೇಳಿದೆ. ನಾವು ಕಾದದ್ದು ಖರೆ. ಅವಳು ಕೇಳಿದ್ದು ನಾಚಿಕೆಯಾಗಿತ್ತೇ ಎಂದು. ಅದೂ ಖರೆ ಇತ್ತು, ಎಲ್ಲರಿಗಿಂತ ಮೊದಲು ಸೆರಗು ಎಳೆದುಕೊಂಡವಳು ನಾನು. ಅವಳು ನಗುತ್ತಿದ್ದಳು, ಆ ನಗು ಕೆಡಿಸಲು ನನ್ನಿಂದ ಆಗಲಿಲ್ಲ. ಹೇಳದಿದ್ದರೂ ಅವಳಿಗೆ ತಿಳಿದಿತ್ತು ಎಂದು ಈಗ ಅನಿಸುತ್ತದೆ. ಚಹಾ ಕುಡಿದು ಎಲ್ಲರೂ ಎದ್ದಾಗ ನನ್ನ ಕೈಯನ್ನು ಹಿಡಿದವಳು ಬೇಗ ಬಿಡಲಿಲ್ಲ.